ತುಳಜಾಬಾಯಿಯ ಒಲೆ

ತಾನು ಹುಟ್ಟಿದ ಮನೆಯ ಗೋಡೆಯಿಂದ ನಾಲ್ಕು ಕಲ್ಲು ಕೀಳಲಿಕ್ಕೆ ಊರು ಬಿಟ್ಟು ಊರಿಗೆ ಹೋಗಿ ಇನ್ನೊಬ್ಬರ ಅಪ್ಪಣೆ ಕೇಳಬೇಕಾಗಿ ಬಂದ ದೇಶಮುಖ ಈ ಸೀಮೆಯಲ್ಲೆಲ್ಲ ತಾನೊಬ್ಬನೇ ಇರಬೇಕು ಎಂದುಕೊಳ್ಳುತ್ತ ಅಶೋಕಕುಮಾರ ಶಹಾಬಾದದ ಬಸ್ಸಿನಲ್ಲಿ ಕೂತಿದ್ದ. ಚಿತ್ತಾಪುರ ದಾಟಿತ್ತು. ರೋಹಿಣಿ ಮಳೆ ಇಂದೋ ನಾಳೆಯೋ ಎನ್ನುವ ದಿನಗಳು. ಹರಗಿ ಹಸನು ಮಾಡಿದ ಕರಿಹೊಲಗಳ ಮೇಲೆ ಮೋಡ ಕಟ್ಟುತ್ತಿತ್ತು. ಬಸ್ಸಿನಲ್ಲಿದ್ದವರಿಗೆಲ್ಲ ಅದನ್ನು ನೋಡಿ ಖುಷಿಯೋ ಖುಷಿ. ಅವನು ಮಾತ್ರ ಮಳೆಗೆ ಇನ್ನೆಷ್ಟು ದಿನ ಉಳಿದಿವೆ ಎಂದು ಬೆರಳು ಮಡಚಿ ಎಣಿಸುತ್ತಿದ್ದ.

ವಿಷಯ ಇಷ್ಟೇ. ಸೇಡಂ ಕಡೆಯ ತೊಗರಿಹಾಳದಲ್ಲಿರುವ ಅವನ ಬಂಗಲೆಯ ನಡುಮಾಳಿಗೆಯ ತೊಲೆಗಳಿಗೆ ಗೆದ್ದಲು ಹತ್ತಿತ್ತು. ಹೋದ ಮಳೆಗಾಲದಲ್ಲಿ ಒಂದು ತೊಲೆ ಬಾಗಿ, ಕೆಳಗೆ ಬೊಂಬು ಕೊಟ್ಟು ನಿಲ್ಲಿಸಿದ್ದರು. ಈ ಸಲ ಬೊಂಬಿನ ಆಟ ನಡೆಯುವುದಿಲ್ಲ, ಮಾಳಿಗೆ ಕೂತರೆ ಎರಡೂ ಕಡೆಯ ಗೋಡೆ ಬಾಯಿ ಬಿಡುತ್ತವೆ ಎಂದು ಗೌಂಡಿ ಹೇಳಿ ಹೋಗಿದ್ದ. ಅಷ್ಟು ಉದ್ದದ ಸಾಗವಾನಿ ಈಗ ಎಲ್ಲಿಂದ ತರುವುದು? ಆ ಹೊತ್ತಿಗೆ ಸರಿಯಾಗಿ ಹೈದರಾಬಾದಿನ ಮತೀನ ಬಂದ. ಹಳೆಯ ವಾಡೆಗಳ ಕಂಬ, ಬಾಗಿಲು, ತೊಲೆ ಕಳಚಿ ದೊಡ್ಡ ಹೋಟೆಲುಗಳಿಗೆ ಮಾರುವ ವ್ಯಾಪಾರಿ ಅವನು. ಮನೆಯೆಲ್ಲ ಸುತ್ತಾಡಿ, ದಿವಾನಖಾನೆಯ ಇಂಗ್ಲಿಷ್ ಒಲೆಯ ಮುಂದೆ ಬಂದವನು ಅಲ್ಲೇ ನಿಂತುಬಿಟ್ಟ. ಒಲೆಯ ಸುತ್ತ ಬಿಳಿ ಅಮೃತಶಿಲೆಯ ಕೆತ್ತನೆಯ ಚೌಕಟ್ಟಿತ್ತು.

"ಈ ಚೌಕಟ್ಟು ನನಗ ಕೊಡ್ರಿ ಸಾಬ್," ಎಂದ ಮತೀನ. "ನಿಮ್ಮ ಮಾಳಗಿಗಿ ಎಷ್ಟು ತೊಲಿ ಬೇಕೋ ಅಷ್ಟು ನಾ ತಂದು ಏರಿಸಿ ಕೊಡ್ತೀನಿ. ಏಕ್‌ದಮ್ ಹಳೇ ಸಾಗವಾನಿ."

ಅಶೋಕಕುಮಾರ ಒಪ್ಪಿ ಕೈ ಕೊಟ್ಟಿದ್ದ. ಆದರೆ ಅವನ ತಾಯಿ ಲಲಿತಾಬಾಯಿ ಸುದ್ದಿ ಕೇಳಿ ಊಟದ ತಟ್ಟೆಯನ್ನೇ ಸರಿಸಿದಳು.

"ಆ ಒಲಿ ನಮ್ಮದಲ್ಲ. ಸೂಲಗಿತ್ತಿ ತುಳಜಾಬಾಯಿದು. ನಿಮ್ಮಜ್ಜ ಆಕಿಗಿ ಕೊಟ್ಟುಬಿಟ್ಟಾನ. ಆಕಿ ಮಗನ್ನ ಕೇಳು. ಅಂವ ಹೂಂ ಅಂದ್ರ ಒಯ್ಯಲಿ, ಇಲ್ಲಂದ್ರ ಇಲ್ಲ."

"ಅವ್ವಾ, ಮಾಳಗಿ ಬೀಳಲಿಕತ್ತದ."

"ಬೀಳಲಿಕತ್ತದ ಅಂತನೇ ಲಗೂನ ಹೋಗಿ ಕೇಳಿ ಬಾ ಅನ್ನಾಕತ್ತೀನಿ."

ತಾಯಿಯ ಜೊತೆ ವಾದ ಮಾಡಿ ಗೆದ್ದ ಚರಿತ್ರೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ ಈ ಪ್ರಯಾಣ.

ವಾಡಿಯ ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಿತು. ಗೂಡ್ಸ್ ಗಾಡಿಯೊಂದು ಮುಗಿಯದಂತೆ ಸಾಗುತ್ತಿತ್ತು. ವಾಡಿ ಎಂದರೆ ಅಶೋಕಕುಮಾರನಿಗೆ ತನ್ನ ಬಂಗಲೆ ಹುಟ್ಟಿದ ಜಾಗ. ಸೇಡಂ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮನೆಗೆ ಬಂದ ಯಾವ ಅತಿಥಿಯನ್ನೂ ಆ ಕಥೆ ಹೇಳದೆ ಬಿಟ್ಟವನಲ್ಲ. ಬೀಗರು ಅವನ ಕೈಗೆ ಸಿಗದಂತೆ ಹಿತ್ತಲಿಗೆ ಹೋಗಿ ಕೂರುತ್ತಿದ್ದರು.

ಕಥೆ ಮುತ್ತಜ್ಜ ಅಮೃತಪ್ಪ ದೇಶಮುಖನದು. ವಾಡಿ ಜಂಕ್ಷನ್ನಿನ ರೈಲ್ವೆ ಸಾಹೇಬನೊಬ್ಬನ ಜೊತೆ ಅವನಿಗೆ ದೋಸ್ತಿ. ಸಾಹೇಬನ ಕೋಣೆಯ ಗೋಡೆಯ ಮೇಲೆ ಇಂಗ್ಲೆಂಡಿನಲ್ಲಿದ್ದ ಅವನ ಮನೆತನದ ಹಳ್ಳಿಮನೆಯ ಚಿತ್ರ ತೂಗಿತ್ತು. ಇಳಿಜಾರು ಮಾಳಿಗೆ, ಉದ್ದ ಚಿಮಣಿಗಳು, ಮುಂದೆ ಹುಲ್ಲಿನ ಬಯಲು. ಏಳು ತಲೆಮಾರು ಅದೇ ಮನೆಯಲ್ಲಿ ಬಾಳಿದ್ದಾರೆ, ಸಂಜೆ ಎಲ್ಲರೂ ಒಂದೇ ಬೆಂಕಿಯ ಮುಂದೆ ಕೂರುತ್ತಾರೆ ಎಂದು ಸಾಹೇಬ ಹೇಳಿ ಕಣ್ಣು ಒರೆಸಿಕೊಂಡನಂತೆ. ಅಮೃತಪ್ಪನಿಗೆ ಅರ್ಥವಾದದ್ದು ಇಷ್ಟು: ದೊಡ್ಡ ಮನೆತನ ಎಂದರೆ ದಿವಾನಖಾನೆಯಲ್ಲಿ ಬೆಂಕಿ ಇರಬೇಕು. ಹೊರಗೆ ಬೇಸಗೆಯಲ್ಲಿ ಕಾಗೆ ನೆಲಕ್ಕೆ ಬೀಳುವಂಥ ಬಿಸಿಲು ಬಿದ್ದರೂ ಸರಿ. ಶಹಾಬಾದದ ಕಲ್ಲು ತಂದು ಆ ಚಿತ್ರದ ಹಾಗೆಯೇ ಬಂಗಲೆ ಎಬ್ಬಿಸಿದ. ಇಳಿಜಾರು ಮಾಳಿಗೆ ಮಾತ್ರ ಇಲ್ಲಿನ ಗೌಂಡಿಗಳ ಕೈಗೆ ಹತ್ತದೆ ಸಪಾಟಾಯಿತು. ಒಲೆಯ ಚೌಕಟ್ಟು ಮುಂಬೈಯಿಂದ ರೈಲಿನಲ್ಲಿ ವಾಡಿಗೆ, ವಾಡಿಯಿಂದ ಎತ್ತಿನ ಗಾಡಿಯಲ್ಲಿ ತೊಗರಿಹಾಳಕ್ಕೆ ಬಂತು. ಅದರ ಮೇಲೆ ದ್ರಾಕ್ಷಿ ಬಳ್ಳಿ, ನಡುವೆ ಒಂದು ಜಿಂಕೆ. ಮನೆಯ ಹೆಂಗಸರಿಗೆ ಅದು ಆಡಿನ ಹಾಗೆ ಕಂಡು, ಇಂದಿಗೂ ಅದನ್ನು ಆಡು ಎಂದೇ ಕರೆಯುತ್ತಾರೆ. ಮಾಳಿಗೆ ಮುಗಿಯುವ ಮೊದಲೇ ಸಾಹೇಬನಿಗೆ ವರ್ಗವಾಯಿತು. ಅವನೂ ಬರಲಿಲ್ಲ, ಇನ್ನಾವ ಇಂಗ್ಲಿಷ್ ಸಾಹೇಬನೂ ಬರಲಿಲ್ಲ. ದಿವಾನಖಾನೆಗೆ ಬೀಗ ಬಿತ್ತು. ಅಮೃತಪ್ಪ ತೀರಿಕೊಳ್ಳುವ ತನಕ ವರ್ಷಕ್ಕೊಮ್ಮೆ ಬೀಗ ತೆಗೆಸಿ ಕುರ್ಚಿಗಳ ಧೂಳು ಹೊಡೆಸುತ್ತಿದ್ದ.

ಅಶೋಕಕುಮಾರನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಒಲೆಯ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಅದನ್ನು ಹೇಳುತ್ತಿದ್ದವಳು ಲಲಿತಾಬಾಯಿ, ಅದೂ ಹೆಂಗಸರ ಮುಂದೆ ಮಾತ್ರ.

ಲಲಿತಾಬಾಯಿಗೆ ಚೊಚ್ಚಲ ಬಸಿರು. ಹೆರಿಗೆಗೆ ಚಿಂಚೋಳಿಯ ತವರಿಗೆ ಕಳಿಸಬೇಕು. ಆದರೆ ಕಾಗಿಣಾ ಹೊಳೆ ತುಂಬಿ ದಾರಿ ಕಟ್ಟಾಗಿತ್ತು, ದಿನ ತುಂಬುವ ಮೊದಲೇ ಬೇನೆ ಬಂದುಬಿಟ್ಟಿತು. ಕಾಳು ತುಂಬಿಡುವ ಹಗೇವಿನ ಪಕ್ಕದ ಕತ್ತಲೆ ಕೋಣೆಯಲ್ಲಿ ಆಕೆಯನ್ನು ಮಲಗಿಸಿದ್ದರು. ಊರಿನ ಸೂಲಗಿತ್ತಿ ತುಳಜಾಬಾಯಿ ಹಿತ್ತಲ ಬಾಗಿಲಿನಿಂದ ಬಂದಳು. ಕೂಸು ಹುಟ್ಟಿತು, ಅಂಗೈಯಷ್ಟು, ಮೈಯೆಲ್ಲ ತಣ್ಣಗೆ, ಅಳಲಿಕ್ಕೂ ಉಸಿರಿಲ್ಲ. ಅಗ್ಗಿಷ್ಟಿಗೆ ಇಟ್ಟರೆ ಆ ಕೋಣೆಯಲ್ಲಿ ಹೊಗೆ ತುಂಬಿ ತಾಯಿ ಕೂಸು ಇಬ್ಬರೂ ಹೋಗುತ್ತಾರೆ. ಇಡದಿದ್ದರೆ ಥಂಡಿಗೆ ಹೋಗುತ್ತಾರೆ. ತುಳಜಾಬಾಯಿ ಕೂಸನ್ನು ಸೀರೆಯೊಳಗೆ ಎದೆಗವಚಿಕೊಂಡು ನೆಟ್ಟಗೆ ಪಡಸಾಲೆಗೆ ಬಂದು ನಿಂತಳು. ಅವಳು ಅಲ್ಲಿಯವರೆಗೆ ಆ ಪಡಸಾಲೆಗೆ ಕಾಲಿಟ್ಟವಳಲ್ಲ. "ಆ ಇಂಗ್ಲಿಷ್ ಒಲಿ ಕೋಣಿ ಕೀಲಿ ತಗೀರಿ," ಎಂದಳು.

ಅಶೋಕಕುಮಾರನ ಅಜ್ಜಿ ಬೇಡವೆಂದಳು. ಅಜ್ಜ ಬೀಗದ ಕೈ ಎಸೆದ. ತುಳಜಾಬಾಯಿ ಒಲೆ ಹೊತ್ತಿಸಿ ತಾಯಿ ಕೂಸನ್ನು ಅದರ ಮುಂದೆ ಮಲಗಿಸಿದಳು. ಹೊಗೆ ಚಿಮಣಿಯಲ್ಲಿ ಮೇಲೆ ಹೋಯಿತು, ಕಾವು ಕೋಣೆಯಲ್ಲಿ ಉಳಿಯಿತು. ಸೇಡಂ ಸೀಮೆಯಲ್ಲಿ ಅಂಥದೊಂದು ಒಲೆಗೆ ಒಂದೇ ಒಂದು ಉಪಯೋಗವಿತ್ತು. ಅದು ಕಂಡದ್ದು ತುಳಜಾಬಾಯಿಗೆ. ಅಂಗೈಯಷ್ಟಿದ್ದ ಆ ಕೂಸು ಈಗ ಬಸ್ಸಿನಲ್ಲಿ ಕೂತು ಗೂಡ್ಸ್ ಗಾಡಿ ಮುಗಿಯುವುದನ್ನು ಕಾಯುತ್ತಿತ್ತು.

ಹುಟ್ಟಿಗೆ ಸೂತಕವಿಲ್ಲ ಎಂದು ಬಸವಣ್ಣನ ಫೋಟೋದ ಕೆಳಗೆ ಕೂತು ಆ ಮನೆಯ ಗಂಡಸರು ಹೇಳುತ್ತಿದ್ದರು. ಒಳಗೆ ಹೆಂಗಸರು ಪುರುಡು, ಮೈಲಿಗೆ ಎಂದು ಬಾಣಂತಿ ಕೋಣೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಹೀಗಾಗಿ ಸಾಹೇಬರಿಗೆಂದು ಕಟ್ಟಿದ ದಿವಾನಖಾನೆಯಲ್ಲಿ ಬಾಣಂತನ ಮುಗಿಯುವ ತನಕ ತುಳಜಾಬಾಯಿಯದೇ ರಾಜ್ಯ. ಬೇರೆ ಯಾವ ಕೋಣೆಗೂ ಅವಳನ್ನು ಬಿಡದ ಮನೆಯವರು ಈ ಕೋಣೆಗೆ ತಾವೇ ಬರುವಂತಿರಲಿಲ್ಲ. ಮೊಮ್ಮಗನ ಮುಖ ನೋಡಲು ಅಜ್ಜ ಬಾಗಿಲ ಹೊರಗೆ ನಿಂತು ಕೆಮ್ಮಬೇಕು. "ಈಗಷ್ಟೇ ಮಲಗ್ಯಾನ್ರಿ, ಆಮ್ಯಾಲ ಬರ್ರಿ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಯಾರನ್ನು ಕಂಡರೆ ಇಡೀ ಊರು ಎದ್ದು ನಿಲ್ಲುತ್ತಿತ್ತೋ ಆ ಮನುಷ್ಯ ಬಂದ ಹಾಗೆಯೇ ತಿರುಗಿ ಹೋಗುತ್ತಿದ್ದ.

ಬಾಣಂತನ ಮುಗಿದ ದಿನ ಏನು ಬೇಕು ಕೇಳು ಎಂದ ಅಜ್ಜ. ಹೊಲವನ್ನೋ ಎಮ್ಮೆಯನ್ನೋ ಕೇಳುತ್ತಾಳೆ ಎಂದುಕೊಂಡಿದ್ದ. "ಈ ಒಲಿ ಕೊಡ್ರಿ," ಎಂದಳು ತುಳಜಾಬಾಯಿ. ಅವನು ನಕ್ಕು, ಗೋಡೆಯಲ್ಲಿರುವುದನ್ನು ಹೊತ್ತುಕೊಂಡು ಹೇಗೆ ಹೋಗುತ್ತೀ, ತಗೋ, ನಿನ್ನದೇ ಎಂದ. "ಇಲ್ಲೇ ಇರಲ್ರಿ. ಆದ್ರ ನಾ ಕರಕೊಂಡು ಬಂದ ಬಸರಿ ಹೆಂಗಸನ್ನ ತಿರುಗಿ ಕಳಸಬಾರದು," ಎಂದಳು. ಯಾವ ಓಣಿಯವರನ್ನು ಎಂದು ಅಜ್ಜಿ ಒಳಗಿನಿಂದ ಕೇಳಿದಳು. "ಮೈಲಿಗಿ ಕೋಣಿಗಿ ಇನ್ನಷ್ಟು ಮೈಲಿಗಿ ಹ್ಯಾಂಗ ಆಗ್ತದ್ರಿ ಅವ್ವಾರ?" ಎಂದು ತುಳಜಾಬಾಯಿ ಕೇಳಿದಳು. ಆಮೇಲೆ ಮಳೆಗಾಲದಲ್ಲಿ, ಚಳಿಯಲ್ಲಿ, ಸುತ್ತಲ ಹಳ್ಳಿಗಳ ಎಷ್ಟೋ ಕೂಸುಗಳು ಆ ಆಡಿನ ಕೆಳಗಿನ ಕಾವಿನಲ್ಲಿ ಕಣ್ಣು ಬಿಟ್ಟವು. ದೇಶಮುಖರ ಮೊಮ್ಮಕ್ಕಳೂ, ಹರಿಜನ ಓಣಿಯ ಮಕ್ಕಳೂ, ಪಿಂಜಾರರ ಮನೆಯವರೂ. ಸೇಡಂನಲ್ಲಿ ದೊಡ್ಡ ದವಾಖಾನೆಯಾಗಿ, ಆಂಬುಲೆನ್ಸ್ ಊರೊಳಗೆ ಬರುವಂತಾದ ಮೇಲೆ ಒಲೆ ಆರಿತು.

ಗೇಟು ತೆರೆದು ಬಸ್ಸು ಶಹಾಬಾದ ಮುಟ್ಟಿತು. ದೇವಿಂದ್ರನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಶಹಾಬಾದ ಸ್ಟೇಷನ್ನಿನ ಆಚೆಗಿತ್ತು. ದೇವಿಂದ್ರ ತುಳಜಾಬಾಯಿಯ ಮೊಮ್ಮಗ. ಮಶೀನು ನೀರು ಚಿಮ್ಮುತ್ತ ಕಿರುಚುತ್ತಿತ್ತು. ನೆಲವೆಲ್ಲ ಬೂದಿಬಣ್ಣದ ಕೆಸರು. ಅವನು ಅಶೋಕಕುಮಾರನನ್ನು ನೋಡಿ ಮಶೀನು ನಿಲ್ಲಿಸಿದ.

"ಬರ್ರಿ ಸರ್, ಕುಂದ್ರಿ. ನಾ ನಿಮ್ಮ ಕಾಲೇಜಿನಾಗ ಓದೀನಿ. ನಿಮಗ ನೆನಪಿರಲಿಕ್ಕಿಲ್ಲ."

ಅಶೋಕಕುಮಾರನಿಗೆ ನೆನಪಿರಲಿಲ್ಲ. ಒಳಗಿನ ಕೋಣೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಭೀಮಶ್ಯಾ ಪೇಪರು ಓದುತ್ತ ಕೂತಿದ್ದ. ತುಳಜಾಬಾಯಿಯ ಮಗ, ವಾಡಿ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ವಯಸ್ಸಿನಲ್ಲಿ ಅಶೋಕಕುಮಾರನಿಗಿಂತ ತುಸು ಹಿರಿಯ. ಅವನನ್ನು ಏನೆಂದು ಕರೆಯಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿ ಬಂದಿದ್ದ ಅಶೋಕಕುಮಾರ, ಕಡೆಗೆ ಏನೂ ಕರೆಯದೆ ನಮಸ್ಕಾರ ಎಂದ. ಚಹಾ ಬಂತು. ಮಾಳಿಗೆ, ಗೆದ್ದಲು, ಮತೀನ, ಅಜ್ಜನ ಮಾತು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಮೊದಲು ಮಾತಾಡಿದವನು ದೇವಿಂದ್ರ. "ನಮ್ಮ ಆಯಿ ತುಳಜಾಬಾಯಿ ಸತ್ತಾಗ ನಿಮ್ಮ ಮನಿಯಿಂದ ಯಾರೂ ಬರಲಿಲ್ಲ ಸರ್. ಈಗ ಕಲ್ಲು ಬೇಕಾಗ್ಯದ, ಬಂದೀರಿ."

"ಹೌದಪಾ," ಎಂದ ಅಶೋಕಕುಮಾರ. ಚಹಾದ ಕಪ್ಪು ಕೆಳಗಿಟ್ಟ. "ನಾ ಬರಬೇಕಿತ್ತು."

ಭೀಮಶ್ಯಾ ಮಗನ ಕಡೆ ಕೈ ಎತ್ತಿ ಸುಮ್ಮನಿರಿಸಿದ. "ಅವ್ವ ಸಾಯೋತನಕ ನನ್ನ ಕೋಣಿ, ನನ್ನ ಕೋಣಿ ಅಂತಿದ್ಳು," ಎಂದ. "ಸಣ್ಣಾಂವ ಇದ್ದಾಗ ಆಕಿನ್ನ ನೋಡಲಿಕ್ಕಂತ ಬಂದು ನಿಮ್ಮ ಹುಣಚಿ ಗಿಡದ ಕೆಳಗ ನಿಂದರ್ತಿದ್ದೆ. ಕಿಡಕ್ಯಾಗಿಂದ ರೊಟ್ಟಿ ಕೊಡ್ತಿದ್ಳು. ಒಳಗ ಹ್ಯಾಂಗದ ಅಂತ ನಾ ಎಂದೂ ನೋಡಿಲ್ಲ. ನೋಡಲಾರದ್ದನ್ನ ಕೊಡ್ತೀನಿ ಅಂತ ಹ್ಯಾಂಗ ಅನ್ನಲಿ, ಕೊಡಂಗಿಲ್ಲ ಅಂತಾದ್ರೂ ಹ್ಯಾಂಗ ಅನ್ನಲಿ? ಆಯಿತವಾರ ಬರ್ತೀನಿ. ನೋಡಿ ಹೇಳ್ತೀನಿ."

ಊರಿಗೆ ಮರಳಿದ ಅಶೋಕಕುಮಾರ ಭಾನುವಾರದ ತಯಾರಿಗೆ ನಿಂತ. ಅವನಿಗೆ ಒಂದು ವಿಚಾರ ಹೊಳೆದಿತ್ತು. ಅದು ಅವನಿಗೆ ಭಾರಿ ಹಿಡಿಸಿತ್ತು. ತುಳಜಾಬಾಯಿ ಎಂದೂ ಬಾರದ ಮುಂಬಾಗಿಲಿನಿಂದ ಅವಳ ಮಗನನ್ನು ಕರೆದುಕೊಳ್ಳಬೇಕು. ತುಕ್ಕು ಹಿಡಿದ ಗೇಟಿಗೆ ಎಣ್ಣೆ ಹಾಕಿಸಿದ. ಮೆಟ್ಟಿಲು ತೊಳೆಸಿ ರಂಗೋಲಿ ಬಿಡಿಸಿದ. ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ. ಹೆಂಡತಿ ಶಿವಗಂಗಾ ಹೋಳಿಗೆ ಮಾಡಿದಳು. ಲಲಿತಾಬಾಯಿ ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು, ಆರತಿ ತಟ್ಟೆಯೊಡನೆ ಮುಂದಿನ ಕಟ್ಟೆಯ ಮೇಲೆ ಕೂತಳು. ಮತೀನ ಬೆಳಿಗ್ಗೆಯೇ ಲಾರಿಯಲ್ಲಿ ತೊಲೆಗಳನ್ನು ಹಾಕಿಕೊಂಡು ಬಂದಿದ್ದ. ಹೂಂ ಎಂದರೆ ಇಳಿಸುವುದು, ಇಲ್ಲವೆಂದರೆ ಹಾಗೆಯೇ ಹೈದರಾಬಾದಿಗೆ ವಾಪಸ್ಸು ಎಂದು ಮಾತಾಗಿತ್ತು. ಮುಗಿಲು ಕಪ್ಪಾಗಿತ್ತು.

ದೇವಿಂದ್ರನ ಕಾರು ಗೇಟಿನ ಮುಂದೆ ನಿಂತಿತು. ಭೀಮಶ್ಯಾ ಇಳಿದು ತೋರಣ ನೋಡಿದ, ರಂಗೋಲಿ ನೋಡಿದ, ಲಲಿತಾಬಾಯಿಗೆ ದೂರದಿಂದಲೇ ಕೈ ಮುಗಿದ. ಆಮೇಲೆ ಗೇಟು ಬಿಟ್ಟು, ಕಂಪೌಂಡಿನ ಗುಂಟ ಹಿತ್ತಲ ಕಡೆಗೆ ನಡೆದ.

ಅಶೋಕಕುಮಾರ ಓಡಿದ. "ಆ ಕಡಿ ಅಲ್ರಿ ಭೀಮಣ್ಣ, ಈ ಕಡಿ. ನಿಮ್ಮ ಸಲುವಾಗೇ ಮುಂಬಾಗಲಾ ತಗಿಸೀನಿ."

ಭೀಮಣ್ಣ ಎಂಬ ಮಾತು ತನ್ನ ಬಾಯಿಂದ ಹೇಗೆ ಬಂತು ಎಂದು ಅವನಿಗೇ ತಿಳಿಯಲಿಲ್ಲ.

"ಗೊತ್ತಾಯ್ತು ಸರ್. ಭಾಳ ಛಂದ ಮಾಡೀರಿ," ಎಂದ ಭೀಮಶ್ಯಾ. "ಆದ್ರ ಮುಂಬಾಗಲಾ ಸಾಹೇಬರಿಗಂತ ಕಟ್ಟಿದ್ದು. ಅವರು ಬರಲಿಲ್ಲ. ನಮ್ಮವ್ವ ಬಂದ್ಳು, ಹಿತ್ತಲ ಬಾಗಲಾದಿಂದ. ಎಷ್ಟು ಜೀವ ಕೈಯಾಗ ಹಿಡಕೊಂಡು ಆ ಬಾಗಲಾ ದಾಟ್ಯಾಳ ಆಕಿ. ಆಕಿ ಹಾದ್ಯಾಗಿಂದ ಬಂದ್ರ ನನಗೇನು ಸಣ್ಣಸ್ತನ ಇಲ್ಲ."

ಅಶೋಕಕುಮಾರನ ಮುಖ ಸಪ್ಪಗಾಯಿತು. ಅಷ್ಟು ತೊಳೆಸಿದ ಮೆಟ್ಟಿಲು ಬಿಕೋ ಎನ್ನುತ್ತಿದ್ದವು. ಆದರೆ ಒಂದು ಗಳಿಗೆ ಯೋಚಿಸಿದ ಮೇಲೆ, ತಾನು ಕೊಡಬೇಕೆಂದು ಹೊರಟ ಮರ್ಯಾದೆ ತನ್ನ ಮನೆತನದ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಮಾತ್ರ ಎಂದು ಅವನಿಗೆ ತಿಳಿಯಿತು, ನಾಚಿಕೆಯೂ ಆಯಿತು. ಕಟ್ಟೆಯ ಮೇಲೆ ಲಲಿತಾಬಾಯಿ ಆರತಿ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಎದ್ದು ನಿಂತಿದ್ದಳು.

"ತಡೀಪಾ ಭೀಮಶ್ಯಾ," ಎಂದಳು. "ನಾನೂ ಆ ಬಾಗಲಾದಿಂದೇ ಬರ್ತೀನಿ."

ಕೋಲೂರುತ್ತ, ಮುಳ್ಳುಕಂಟಿ ಬೆಳೆದ ದಾರಿಯಲ್ಲಿ ಸೀರೆ ಎತ್ತಿ ಹಿಡಿದು, ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಆ ಬಾಗಿಲಿನಿಂದ ಒಳಬರದಿದ್ದ ಮುದುಕಿ ಹುಣಸೆ ಗಿಡದವರೆಗೆ ನಡೆದಳು. ಅಲ್ಲಿ ಭೀಮಶ್ಯಾ ಅವಳಿಗಾಗಿ ನಿಂತು ಕಾದಿದ್ದ. ಇಬ್ಬರೂ ತಲೆ ತಗ್ಗಿಸಿ ಗಿಡ್ಡ ಬಾಗಿಲು ದಾಟಿದರು. ಹಿಂದೆ ದೇವಿಂದ್ರ, ಶಿವಗಂಗಾ, ಕಡೆಯಲ್ಲಿ ಅಶೋಕಕುಮಾರ. ತಲೆ ತಗ್ಗಿಸಲು ಮರೆತ ಅವನ ಹಣೆಗೆ ಬಾಗಿಲ ಚೌಕಟ್ಟು ಬಡಿಯಿತು.

ದಿವಾನಖಾನೆಯಲ್ಲಿ ಕುರ್ಚಿ ಬೇಡವೆಂದು ಭೀಮಶ್ಯಾ ಒಲೆಯ ಮುಂದೆ ನೆಲದ ಮೇಲೆಯೇ ಕೂತ. ಮೂಲೆಯಲ್ಲಿ ಮತೀನ ಟೇಪು ಕೈಯಲ್ಲಿ ಹಿಡಿದು ನಿಂತಿದ್ದ. ಭೀಮಶ್ಯಾ ಒಲೆಯೊಳಗೆ ಕೈ ಹಾಕಿ ಸವರಿದ. ಬೆರಳಿಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳಲಿಲ್ಲ.

"ಇಷ್ಟೇ ಸಣ್ಣದೇನು?" ಎಂದ. "ಅವ್ವ ಹೇಳೋದು ಕೇಳಿ ಭಾಳ ದೊಡ್ಡದು ಅಂದ್ಕೊಂಡಿದ್ದೆ."

ಪಕ್ಕದ ನಡುಮಾಳಿಗೆಯ ಬಾಗಿದ ತೊಲೆಯಿಂದ ಮಣ್ಣು ಉದುರುವ ಸದ್ದು ಕೇಳುತ್ತಿತ್ತು. ಈ ಮನುಷ್ಯ ಇಲ್ಲವೆಂದರೆ ತಾನು ಮರುಮಾತಾಡಬಾರದು ಎಂದು ಅಶೋಕಕುಮಾರ ಮನಸ್ಸು ಗಟ್ಟಿ ಮಾಡಿಕೊಂಡ.

ಭೀಮಶ್ಯಾ ಮತೀನನ ಕಡೆ ತಿರುಗಿದ. "ನಿಮಗ ಬೇಕಾಗಿದ್ದು ಏನ್ರಿ? ಒಲಿನೋ, ಈ ಚೌಕಟ್ಟೋ?"

"ಚೌಕಟ್ಟು, ಚಾಚಾ. ಒಳಗಿನ ಮಸಿ ತಗೊಂಡು ನಾ ಏನ್ ಮಾಡ್ಲಿ?"

"ಹಂಗಿದ್ರ ಒಯ್ರಿ. ನಮ್ಮವ್ವ ಕೇಳಿದ್ದು ಒಲಿ. ಈ ಆಡು ಆಕಿ ಕೇಳಿದ್ದಲ್ಲ." ಮಗನನ್ನು ನೋಡಿದ. "ದೇವಿಂದ್ರ, ಇದರ ಸುತ್ತ ನಮ್ಮ ಕಲ್ಲು ಕೂಡಸ್ತೀ ಏನು?"

"ಕೂಡಸ್ತೀನಿ," ಎಂದ ದೇವಿಂದ್ರ. ಆಗಲೇ ಅವನು ಗೇಣು ಹಾಕಿ ಅಳೆಯುತ್ತಿದ್ದ. "ಒಲಿ ಮಾತ್ರ ಮುಚ್ಚಬ್ಯಾಡ್ರಿ ಸರ್."

"ಮುಚ್ಚಂಗಿಲ್ಲ," ಎಂದ ಅಶೋಕಕುಮಾರ. ಇನ್ನೂ ಹೇಳಬೇಕಿತ್ತು. ಮನೆ ಉಳಿಯಿತು ಎಂದು, ತನ್ನ ಜೀವವೂ ಇದೇ ಜಾಗದಲ್ಲಿ ಉಳಿದದ್ದು ಎಂದು, ಎರಡಕ್ಕೂ ಒಂದೇ ಮನೆಯವರಿಗೆ ಋಣಿ ಎಂದು. ಜೀವಮಾನವಿಡೀ ಪಾಠ ಹೇಳಿದವನು ಕಣ್ಣು ತುಂಬಿಕೊಂಡು ನಿಂತ.

ಮಾತಾಡಿದವಳು ಲಲಿತಾಬಾಯಿ. ಗೋಡೆ ಹಿಡಿದು ಮೆಲ್ಲಗೆ ಭೀಮಶ್ಯಾನ ಎದುರು ನೆಲಕ್ಕೆ ಕೂತಳು.

"ಬಾಣಂತನ ಮುಗದ ಮ್ಯಾಲ ಸೂಲಗಿತ್ತಿ ಕಾಲಿಗಿ ಬೀಳಬೇಕಪಾ ಬಾಣಂತಿ. ಎಲ್ಲಾ ಮನ್ಯಾಗೂ ಅದ ಆ ಪದ್ಧತಿ. ನನಗ ಬಿಡಲಿಲ್ಲ. ಮೊರದಾಗ ಸೀರಿ, ಜ್ವಾಳ ಇಟ್ಟು ಹಿತ್ತಲ ಕಟ್ಟಿ ಮ್ಯಾಲ ಇಟ್ರು, ನಿಮ್ಮವ್ವ ತಗೊಂಡು ಹೋದ್ಳು. ನಿನ್ನಿಂದ ನಾನೂ ಉಳದೀನಿ, ನನ್ನ ಮಗನೂ ಉಳದಾನ ಅಂತ ಒಂದು ಮಾತು ಆಕಿ ಮಾರಿ ನೋಡಿ ಅನ್ನಲಿಲ್ಲ ನಾ. ಆಕಿ ಇದ್ದಾಗ ನನಗ ಬಾಯಿ ಇರಲಿಲ್ಲ. ಬಾಯಿ ಬರೋದರಾಗ ಆಕಿ ಇರಲಿಲ್ಲ."

"ಆಕಿಗಿ ಗೊತ್ತಿತ್ರಿ ಅವ್ವಾರ," ಎಂದ ಭೀಮಶ್ಯಾ.

"ಹ್ಯಾಂಗ ಗೊತ್ತಿರ್ತದ? ನಾ ಅಂದೇ ಇಲ್ಲ."

"ಅವ್ವ ಎಷ್ಟೋ ಮಂದಿಗಿ ಹಡಿಸ್ಯಾಳ. ಮನಿಗಿ ಬಂದ ಮ್ಯಾಲ ಯಾರ ಹೆಸರೂ ತಗೀತಿರಲಿಲ್ಲ. ನಿಮ್ಮ ಹೆಸರು ತಗೀತಿದ್ಳು. ಬ್ಯಾನಿ ಬಂದಾಗ ಎಲ್ಲಾರೂ ನನ್ನ ಕೈ ಹಿಡೀತಾರ, ಬ್ಯಾನಿ ಮುಗದ ಕೂಡ್ಲೇ ಬಿಡ್ತಾರ. ದೇಶಮುಖರ ಸೊಸಿ ಒಬ್ಬಾಕಿ ಕೂಸು ಹುಟ್ಟಿದ ಮ್ಯಾಲೂ ಬಿಡಲಿಲ್ಲ, ಅತ್ತಿ ಬಂದು ಬಾಗಲಾದಾಗ ನಿಂತ್ರೂ ಬಿಡಲಿಲ್ಲ ಅಂತಿದ್ಳು. ಅದನ್ನ ಹೇಳುವಾಗ ಪ್ರತಿ ಸಲ ತನ್ನ ಕೈ ನೋಡ್ಕೋತಿದ್ಳು."

ಲಲಿತಾಬಾಯಿ ತಲೆ ಅಲ್ಲಾಡಿಸಿದಳು. "ದೊಡ್ಡ ಗುಣದಿಂದ ಹಿಡಿದಿರಲಿಲ್ಲೋ ಯಪ್ಪಾ. ನನಗ ಅಂಜಿಕಿ ಆಗಿತ್ತು."

"ಯಾಕರೆ ಆಗಲಿ," ಎಂದ ಭೀಮಶ್ಯಾ, "ಹಿಡಿದಿದ್ರಿ."

ಅವಳು ಕೈ ಚಾಚಿದಳು. ಅವನು ಮಸಿ ಹತ್ತಿದ ತನ್ನ ಕೈಯನ್ನು ನೋಡಿ ಹಿಂಜರಿದ. ಅವಳು ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಮುದುಕಿಯ ವಿಭೂತಿಯ ಮೇಲೆ ಕಪ್ಪು ಮಸಿ ಹತ್ತಿತು.

ಹೊರಗೆ ಮೊದಲ ಹನಿಗಳು ಬಿದ್ದವು. ತೊಲೆ ಇಳಿಸಲು ಆಳು ಸಾಲುವುದಿಲ್ಲ ಎಂದು, ಆಗಲೇ ಹೊರಗೆ ಹೋಗಿದ್ದ ಮತೀನ ಲಾರಿಯ ಹತ್ತಿರದಿಂದ ಕೂಗಿದ. ದೇವಿಂದ್ರ ಅಂಗಿಯ ತೋಳು ಮಡಚುತ್ತ ಹೊರಟ. ಅಶೋಕಕುಮಾರ ಕಣ್ಣೊರೆಸಿಕೊಂಡು, ಪಂಚೆ ಎತ್ತಿ ಕಟ್ಟಿ, ಅವನ ಹಿಂದೆಯೇ ಓಡಿಹೋಗಿ ತೊಲೆಯ ಇನ್ನೊಂದು ತುದಿಗೆ ಹೆಗಲು ಕೊಟ್ಟ.